ಹಳೆಯ ಬಂಡಿಯ ಹಲ್ಲೆಣಿಕೆ

ದಾನಕ್ಕೆ ಬಂದ ಹಸುವಿನ ಹಲ್ಲನ್ನು ಎಣಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಣ ಕೊಟ್ಟು ತರುವ ಹಸುವನ್ನು ಹಲ್ಲೆಣಿಸದೆ ತರಬಾರದೆಂಬುದೂ ಆ ಮಾತಿನೊಳಗೇ ಅಡಗಿದೆಯಷ್ಟೆ. 2025ರ ಆಷಾಢದ ಒಂದು ಭಾನುವಾರ ಬೆಳಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹಲಸೂರಿನಿಂದ ನಮ್ಮ ಮನೆಗೆ ಬಂದು, “ಮೇಷ್ಟ್ರೇ, ಒಂದು ಕಾರು ನೋಡುವುದಿದೆ, ತಾವು ಜೊತೆಗೆ ಬರಬೇಕು” ಎಂದಾಗ ನನಗೆ ಮೊದಲು ನೆನಪಾದುದು ಈ ಗಾದೆಯೇ. ಆಷಾಢದಲ್ಲಿ ಇದೇನು ವ್ಯಾಪಾರವೆಂದೆನು. “ಕೊಳ್ಳುವುದು ಶ್ರಾವಣದಲ್ಲಿ, ನೋಡುವುದಕ್ಕೆ ಯಾವ ಮಾಸವಾದರೇನು?” ಎಂದನು. ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನಿಗೆ ಮೋಟಾರಿನ ವಿಷಯ ಏನು ಗೊತ್ತೆಂದು ಕೇಳಿದೆನು. “ಉತ್ತರಪತ್ರಿಕೆಗಳನ್ನು ನೋಡುತ್ತ ಯಾರು ಯಾರದನ್ನು ನೋಡಿ ಬರೆದರೆಂಬುದನ್ನು ತಾವು ಕುಳಿತಲ್ಲಿಯೇ ಹೇಳಿಬಿಡುತ್ತಿದ್ದಿರಿ. ಅಷ್ಟು ಸಾಕು” ಎಂದನು. ಈ ಮಾತಿಗೆ ನಾನು ಸೋತೆನು.

ಅವನ ಸಂಸಾರದಲ್ಲಿ ಐವರು. ತಾಯಿಗೆ ಎಪ್ಪತ್ತೆರಡು ವರ್ಷ. ಒಂದು ಮಂಡಿಯ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದರದು ಆಗಬೇಕಾಗಿದೆ. ತಿಂಗಳಿಗೊಂದು ಸಲವಾದರೂ ಎಲ್ಲರೂ ಕೋಲಾರದ ಕಡೆಯ ತಮ್ಮ ಊರಿಗೆ ಹೋಗಿಬರುವ ರೂಢಿಯುಂಟು. ಇದ್ದ ಸಣ್ಣ ಕಾರು ತಗ್ಗಿನದಾದುದರಿಂದ ತಾಯಿಯವರು ಅದರೊಳಗೆ ಬಗ್ಗಿ ಕುಳಿತುಕೊಳ್ಳುವುದು ಕಷ್ಟ. ಆದುದರಿಂದ ಎತ್ತರವಾದ ಬಂಡಿ ಬೇಕು. ಬಹುಕಾಲದ ಆಸೆಯೊಂದು ಇದ್ದುದರಿಂದ ಅದು ಒಳ್ಳೆಯ ಮನೆತನದ ಬಂಡಿಯೇ ಆಗಬೇಕು. ಬಿ.ಎಂ.ಡಬ್ಲ್ಯು. ಎಕ್ಸ್3, ಔಡಿ ಕ್ಯೂ5, ಮರ್ಸಿಡಿಸ್ ಜಿ.ಎಲ್.ಸಿ., ವೋಲ್ವೋ ಎಕ್ಸ್‌ಸಿ60 ಎಂಬ ನಾಲ್ಕು ಹೆಸರುಗಳನ್ನು ಅವನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದನು. ಮಧ್ಯಮ ಗಾತ್ರದ ಐಷಾರಾಮಿ ಎಸ್.ಯು.ವಿ.ಗಳೆಂದು ಇವುಗಳನ್ನು ಕರೆಯುತ್ತಾರೆ. ಹೊಸದಕ್ಕೆ 60 ಲಕ್ಷಕ್ಕೂ ಮೇಲೆ ಬೆಲೆ. ಅವನ ಕೈಯಲ್ಲಿದ್ದುದು 28 ಲಕ್ಷ. ಅದರಲ್ಲಿ 6 ಲಕ್ಷ ತಾಯಿಯ ಎರಡನೆಯ ಮಂಡಿಗೆಂದು ತೆಗೆದಿರಿಸಿದ್ದು. “ಕಾರು ಮೊದಲು ಬಂದರೆ ಆಸ್ಪತ್ರೆಗೂ ಅದರಲ್ಲಿಯೇ ಹೋಗಬಹುದಲ್ಲವೆ?” ಎಂದು ಅವನು ನಕ್ಕನು. ನಾನು ನಗಲಿಲ್ಲ.

ಇಂತಹ ಬಂಡಿಗಳು ಏಳೆಂಟು ವರ್ಷಗಳೊಳಗೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಇಳಿಯುವುದು ಏತಕ್ಕೆಂಬುದನ್ನು ಮೊದಲು ತಿಳಿಯಬೇಕು. ವಿಮೆಯವರು ವಾಹನದ ಮೌಲ್ಯವನ್ನು ಕಟ್ಟುವುದಕ್ಕೆ ಒಂದು ಕ್ರಮವಿದೆ. ಹೊಸದರ ಬೆಲೆಯಲ್ಲಿ ಆರು ತಿಂಗಳಿಗೆ ನೂರಕ್ಕೆ 5, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50ರಂತೆ ಕಳೆಯುತ್ತ ಹೋಗುತ್ತಾರೆ. ಐದು ವರ್ಷ ಮೀರಿದ ಮೇಲೆ ಉಭಯರೂ ಒಪ್ಪಿದಷ್ಟು. ಇದು ಸಣ್ಣ ಬಂಡಿಗೂ ದೊಡ್ಡ ಬಂಡಿಗೂ ಒಂದೇ ಲೆಕ್ಕ. ಆದರೆ ಪೇಟೆಯಲ್ಲಿ ದೊಡ್ಡ ಬಂಡಿಯು ಇದಕ್ಕಿಂತಲೂ ಬೇಗನೆ ಇಳಿಯುವುದುಂಟು, ಏಕೆಂದರೆ ಅದನ್ನು ಹೊಸದಾಗಿ ಕೊಳ್ಳಬಲ್ಲವನು ಹಳೆಯದನ್ನು ಬಯಸುವುದಿಲ್ಲ, ಹಳೆಯದನ್ನು ಬಯಸುವವನು ಅದರ ಖರ್ಚಿಗೆ ಹೆದರುತ್ತಾನೆ. ಆ ಹೆದರಿಕೆ ಸುಳ್ಳಲ್ಲ. ಬಂಡಿಯ ಬೆಲೆ 60ರಿಂದ 20 ಲಕ್ಷಕ್ಕೆ ಇಳಿದರೂ ಅದರ ಟೈರು, ಬ್ರೇಕಿನ ತಟ್ಟೆ, ಮುಂದಿನ ದೀಪ, ಗೇರಿನ ಎಣ್ಣೆ ಇವುಗಳ ಬೆಲೆ ಇಳಿಯುವುದಿಲ್ಲ. ಕೊಳ್ಳುವುದು ಹಳೆಯ ಬೆಲೆಗೆ, ಸಾಕುವುದು ಹೊಸ ಬೆಲೆಗೆ. ಈ ಒಂದು ಮಾತನ್ನು ನಾನು ಅವನ ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟೆನು.

ಮೊದಲನೆಯ ಬಂಡಿಯನ್ನು ನಾವಿಬ್ಬರೇ ಇಂದಿರಾನಗರಕ್ಕೆ ಹೋಗಿ ನೋಡಿದೆವು. ನೂರಡಿ ರಸ್ತೆಯ ಗದ್ದಲದಿಂದ ಒಳಕ್ಕೆ ಎರಡು ತಿರುವು. ದೊಡ್ಡ ಮಳೆಮರವೊಂದರ ಅಡಿಯಲ್ಲಿ ನಿಂತಿತ್ತು. ಮಾಲೀಕರು ಸಭ್ಯರು, ಕಾಗದಗಳು ಸರಿಯಾಗಿದ್ದುವು. ಆದರೆ ಮುಂದಿನ ಆಸನದ ಕೆಳಗೆ ಕೈಯಿಟ್ಟು ನೋಡಲಾಗಿ ಚಾಪೆಯು ತೊಯ್ದಿತ್ತು. ನೆರೆಯಲ್ಲಿ ಮುಳುಗಿದ ಕಾರುಗಳ ವಿಚಾರವನ್ನು ಪತ್ರಿಕೆಗಳಲ್ಲಿ ಓದಿದ್ದ ನಾನು ಅವನನ್ನು ಪಕ್ಕಕ್ಕೆ ಕರೆದು, “ಇದು ಬೇಡ” ಎಂದುಬಿಟ್ಟೆನು. ಪರೀಕ್ಷಕನಿಗೆ ತಕ್ಕ ಗಾಂಭೀರ್ಯದಿಂದಲೇ ಹೇಳಿದೆನೆಂದು ನೆನಪು.

ವಾರ ಕಳೆದ ಮೇಲೆ ಅವನು ಶಿವಾಜಿನಗರದಿಂದ ಒಬ್ಬ ಮೇಸ್ತ್ರಿಯನ್ನು ಗೊತ್ತುಮಾಡಿಕೊಂಡು ಬಂದನು. ಗುಜರಿಯ ಬೀದಿಗಳಲ್ಲಿ, ಬಿಚ್ಚಿಟ್ಟ ಎಂಜಿನುಗಳ ನಡುವೆ ನಲವತ್ತು ವರ್ಷ ಕಳೆದ ಸಾಬರು. ನನಗಿಂತ ಎರಡು ಮೂರು ವರ್ಷ ಹಿರಿಯರಿರಬಹುದು. ಇಂದಿರಾನಗರದ ಕಥೆಯನ್ನು ಕೇಳಿ ಅವರು, “ಮೇಲೆ ಗಾಜಿನ ಛಾವಣಿ ಇತ್ತೇ?” ಎಂದರು. ಇತ್ತು. “ಸನ್‌ರೂಫಿನ ಮೂಲೆಗಳಲ್ಲಿ ನೀರಿಳಿಯುವ ಸಣ್ಣ ಕೊಳವೆಗಳು ಇರ್ತವೆ ಸ್ವಾಮಿ. ಮರದ ಕೆಳಗೆ ನಿಲ್ಲಿಸಿದರೆ ಎಲೆ ಕಟ್ಟಿಕೊಂಡು ನೀರು ಒಳಗಿಳಿದು ಚಾಪೆಗೆ ಬರ್ತದೆ. ಗಾಳಿ ಊದಿದರೆ ಸರಿಹೋಗ್ತಿತ್ತು.” ವಿಚಾರಿಸಲಾಗಿ ಆ ಬಂಡಿ ಹಿಂದಿನ ದಿನವೇ ಬೇರೆಯವರಿಗೆ ಮಾರಾಟವಾಗಿತ್ತು. ನೀರೆಂಬುದೊಂದನ್ನು ಕಂಡೆನೇ ಹೊರತು ಅದು ಆಕಾಶದಿಂದ ಬಂದದ್ದೋ ನೆಲದಿಂದ ಬಂದದ್ದೋ ಎಂದು ಕೇಳಿಕೊಳ್ಳಲಿಲ್ಲ. ಈ ತಪ್ಪನ್ನು ಮುಚ್ಚಿಡುವುದಕ್ಕೆ ಕಾರಣವಿಲ್ಲವಾಗಿ ಇಲ್ಲಿ ಬರೆದಿದ್ದೇನೆ.

ಎರಡನೆಯ ಬಂಡಿ ಹಳೆಯ ಮದ್ರಾಸು ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿಯನ್ನು ದಾಟಿ ಕೃಷ್ಣರಾಜಪುರದ ತೂಗುಸೇತುವೆಯ ಆಚೆಗೆ, ಹಳೆಯ ಕಾರುಗಳನ್ನು ಮಾರುವ ಒಂದು ಅಂಗಳದಲ್ಲಿತ್ತು. ಅದೇ ರಸ್ತೆಯಲ್ಲಿ ಇನ್ನೂ ಮುಂದಕ್ಕೆ ಹೋದರೆ ಸಿಕ್ಕುವ ಹೊಸಕೋಟೆಯಲ್ಲಿ 2017ರಿಂದ ವೋಲ್ವೋ ಕಾರುಗಳನ್ನು ಜೋಡಿಸುತ್ತಾರೆ. ಮರ್ಸಿಡಿಸ್ ಪುಣೆಯ ಬಳಿಯ ಚಾಕಣದಲ್ಲಿಯೂ, ಬಿ.ಎಂ.ಡಬ್ಲ್ಯು. ಚೆನ್ನೈಯ ಬಳಿಯೂ ಜೋಡಣೆಯಾಗುತ್ತವೆ. ಸೀಮೆಯ ಬಂಡಿಯೆಂದರೆ ಇಡಿಯಾಗಿ ಹಡಗಿನಲ್ಲಿ ಬಂದದ್ದೆಂದು ತಿಳಿದವರು ಈಗಲೂ ಇದ್ದಾರೆ. ಜೋಡಣೆ ಇಲ್ಲಿಯದಾದರೂ ಭಾಗಗಳಲ್ಲಿ ಬಹಳಷ್ಟು ಹೊರದೇಶದವು. ಬೆಲೆ ಏರುವುದು ಅಲ್ಲಿಯೇ.

ಅಂಗಳದಲ್ಲಿದ್ದುದು ಯಾವ ಕಂಪೆನಿಯದೆಂಬುದು ಇಲ್ಲಿ ಅನಾವಶ್ಯಕ, ದೋಷವು ಕಂಪೆನಿಯದಾಗಿರಲಿಲ್ಲ. 2018ರ ರಿಜಿಸ್ಟ್ರಿ, ಡೀಸೆಲ್, ಬಿಳಿಯ ಬಣ್ಣ, ಮೀಟರಿನಲ್ಲಿ 54,000 ಕಿಲೋಮೀಟರು. ಕೇಳಿದ ಬೆಲೆ ಇಪ್ಪತ್ತೊಂದೂವರೆ ಲಕ್ಷ. ಆ ವರ್ಷದ ಅಂತಹ ಬಂಡಿಗಳಿಗೆ ಬೇರೆಡೆ 25ರ ಮೇಲೆ ಕೇಳುತ್ತಿದ್ದರು. ನನ್ನ ವಿದ್ಯಾರ್ಥಿಗೆ ಇದು ಅದೃಷ್ಟವಾಗಿ ಕಂಡಿತು. ಮೇಸ್ತ್ರಿಯವರು ಮಾತಾಡದೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟರು. ಅದು ಬೆಚ್ಚಗಿತ್ತು. “ನಾವು ಬರೋ ಮುಂಚೆ ಯಾರೋ ಸ್ಟಾರ್ಟ್ ಮಾಡಿದಾರೆ. ನಾಳೆ ಹೇಳದೆ ಬರೋಣ” ಎಂದು ನನ್ನ ಕಿವಿಯಲ್ಲಿ ಹೇಳಿದರು. ತಣ್ಣಗಿರುವ ಎಂಜಿನು ಮೊದಲ ಅರ್ಧ ನಿಮಿಷದಲ್ಲಿ ಹೊರಡಿಸುವ ಶಬ್ದ, ಉಗುಳುವ ಹೊಗೆಯ ಬಣ್ಣ ಇವು ಬಿಸಿಯಾದ ಮೇಲೆ ತಿಳಿಯುವುದಿಲ್ಲವಂತೆ. ಗಾಳಿಯ ಸ್ಪ್ರಿಂಗುಗಳುಳ್ಳ ಬಂಡಿಯಾದರೆ ರಾತ್ರಿಯೆಲ್ಲ ನಿಂತ ಮೇಲೆ ಒಂದು ಮೂಲೆ ತಗ್ಗಿದೆಯೇ ಎಂಬುದನ್ನೂ ಬೆಳಗ್ಗೆಯೇ ನೋಡತಕ್ಕದ್ದು.

ಮಾರನೆಯ ದಿನ ಬಾಗಿಲು ತೆರೆಯುವ ಹೊತ್ತಿಗೆ ಹೋದೆವು. ಎಂಜಿನು ನಿರ್ದೋಷವಾಗಿ ಎದ್ದಿತು. ಆಗ ಮೇಸ್ತ್ರಿಯವರು ಬಂಡಿಯ ಹಲ್ಲನ್ನು ಎಣಿಸತೊಡಗಿದರು. ಈ ಮಾತನ್ನು ಸುಮ್ಮನೆ ಅಲಂಕಾರಕ್ಕಾಗಿ ಬಳಸಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಶ್ವಲಕ್ಷಣವನ್ನು ಹೇಳುವಾಗ ಹಲ್ಲಿನ ಬಣ್ಣವು ಬದಲಾಗುವ ಕ್ರಮದಿಂದ ಕುದುರೆಯ ವಯಸ್ಸನ್ನು ಗೊತ್ತುಮಾಡುವ ವಿಧಾನ ಬರುತ್ತದೆ. ಮಾರುವವನ ಬಾಯನ್ನು ನಂಬದೆ ಕುದುರೆಯ ಬಾಯನ್ನು ನೋಡುವುದಕ್ಕಾಗಿ ಅದು ಬೇಕಾಗಿತ್ತು. ದಂಡಿನ ಪ್ರದೇಶವೆಂಬ ನಮ್ಮ ಈ ಭಾಗದಲ್ಲಿ ಒಂದು ಕಾಲಕ್ಕೆ ಮೋಟಾರಿಗಿಂತ ಕುದುರೆಗಳೇ ಹೆಚ್ಚಾಗಿದ್ದುವಲ್ಲವೆ? ಬಂಡಿಗೂ ಅಂತಹ ಹಲ್ಲುಗಳಿವೆಯೆಂಬುದನ್ನು ನಾನು ಅಂದು ಕಂಡೆನು. ಪ್ರತಿ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದು. ಕಿಟಕಿಯ ಗಾಜುಗಳ ಮೂಲೆಯಲ್ಲಿಯೂ ವರ್ಷದ ಗುರುತಿರುತ್ತದೆ. ಒಂದರದು ಮಾತ್ರ ಬೇರೆಯಾಗಿದ್ದರೆ ಆ ಗಾಜು ಯಾವಾಗಲೋ ಒಡೆದಿದೆ. ಬ್ರೇಕಿನ ಪೆಡಲಿನ ರಬ್ಬರು, ಸ್ಟಿಯರಿಂಗಿನ ಚರ್ಮ, ಚಾಲಕನ ಆಸನದ ಬಾಗಿಲ ಕಡೆಯ ಅಂಚು ಇವು ಮೀಟರಿನಂತೆ ಹಿಂದಕ್ಕೆ ತಿರುಗಲಾರವು. ಬಣ್ಣದ ದಪ್ಪವನ್ನು ಅಳೆಯುವ ಸಣ್ಣ ಯಂತ್ರವೊಂದು ಅವರ ಜೇಬಿನಲ್ಲಿತ್ತು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ ನೂರು ನೂರೈವತ್ತು ಮೈಕ್ರಾನಿನ ಆಸುಪಾಸು. ಪಟ್ಟಿ ಮೆತ್ತಿ ಮತ್ತೆ ಬಳಿದಿದ್ದರೆ ಅದು ಹಲವು ಪಟ್ಟು ಏರುತ್ತದೆ. ಇಲ್ಲಿ ಎಲ್ಲವೂ ಸಮವಾಗಿತ್ತು. ನಾಲ್ಕು ಚಕ್ರಕ್ಕೂ ಬಲ ಹೋಗುವ ಬಂಡಿಯಾದುದರಿಂದ ನಾಲ್ಕು ಟೈರುಗಳೂ ಒಂದೇ ಜಾತಿಯವು, ಒಂದೇ ಸವಕಳಿಯವು ಆಗಿರಬೇಕು. ಒಂದನ್ನೇ ಬದಲಾಯಿಸಿ ಓಡಿಸಿದರೆ ಹಲ್ಲುಚಕ್ರಗಳಿಗೆ ಪೆಟ್ಟು. ಅದೂ ಸರಿಯಾಗಿತ್ತು.

ಸ್ಕ್ಯಾನರನ್ನು ಚುಚ್ಚಿದಾಗ ದೋಷವೊಂದೂ ಕಾಣಲಿಲ್ಲ. ನನ್ನ ವಿದ್ಯಾರ್ಥಿಯ ಮುಖ ಅರಳಿತು. ಆದರೆ ಮೇಸ್ತ್ರಿಯವರ ಹುಬ್ಬು ಗಂಟಿಕ್ಕಿತು. ಬಂಡಿಯೊಳಗಿನ ಯಂತ್ರಮೆದುಳು ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಿರುತ್ತದಂತೆ. ದೋಷಗಳ ಪಟ್ಟಿಯನ್ನು ಯಾರಾದರೂ ಅಳಿಸಿದರೆ ಆ ಪರೀಕ್ಷೆಗಳೆಲ್ಲ ಮೊದಲಿನಿಂದ ಆಗಬೇಕು, ಅದಕ್ಕೆ ಕೆಲವು ದಿನಗಳ ಓಡಾಟ ಬೇಕು. ಇಲ್ಲಿ ಅವು ಇನ್ನೂ ಆಗಿರಲಿಲ್ಲ. “ನಿನ್ನೆಯೋ ಮೊನ್ನೆಯೋ ಹಲಗೆ ಒರೆಸಿದಾರೆ” ಎಂದರು. ಹಲಗೆಯ ಉಪಮಾನ ನನಗಾಗಿಯೇ ಹೇಳಿದ್ದೆಂದು ತೋರಿತು.

ಆಗ ನಾನು ಸರ್ವೀಸಿನ ದಾಖಲೆಯನ್ನು ಕೇಳಿ ತೆಗೆದುಕೊಂಡು ಒಂದು ಕುರ್ಚಿಯಲ್ಲಿ ಕುಳಿತೆನು. ಇದು ನನ್ನ ವಿದ್ಯೆ. ಪ್ರತಿ ವರ್ಷ ಒಂಬತ್ತು ಹತ್ತು ಸಾವಿರ ಕಿಲೋಮೀಟರಿನಂತೆ ಬಂಡಿ ಓಡುತ್ತ ಬಂದಿತ್ತು. 2022ರ ಆಗಸ್ಟಿನಲ್ಲಿ 38,000. ಅದರ ಮುಂದಿನ ನಮೂದು 2023ರ ಏಪ್ರಿಲ್, 38,400. ಎಂಟು ತಿಂಗಳಲ್ಲಿ ನಾನೂರು ಕಿಲೋಮೀಟರು. ಅಂಗಳದವರನ್ನು ಕೇಳಲಾಗಿ, “ಮಾಲೀಕರು ಅಮೆರಿಕದಲ್ಲಿದ್ದರು” ಎಂದರು. ಇರಬಹುದು. ಆದರೆ ಆ ಎರಡು ತಾರೀಖುಗಳ ನಡುವೆ ಇನ್ನೊಂದು ತಾರೀಖು ಇದೆಯೆಂಬುದು ನನಗೆ ಹೊಳೆಯಿತು. 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಯಿಂದ ನಗರದ ಪೂರ್ವಭಾಗದ ಕೆರೆಗಳು ಕೋಡಿಬಿದ್ದು ಬೆಳ್ಳಂದೂರು, ಯಮಲೂರು, ಮಹದೇವಪುರದ ಬಡಾವಣೆಗಳಿಗೂ ಹೊರವರ್ತುಲ ರಸ್ತೆಗೂ ನೀರು ನುಗ್ಗಿದುದು ವಾಚಕರಿಗೆ ನೆನಪಿರಬಹುದು. ಕಚೇರಿಗೆ ಹೋಗುವವರು ಟ್ರಾಕ್ಟರುಗಳಲ್ಲಿ ಹೋದರು. ಕೋಟ್ಯಧೀಶರನ್ನು ಮನೆಗಳಿಂದ ದೋಣಿಯಲ್ಲಿ ಹೊರಕ್ಕೆ ತಂದರು. ಮನೆಗಳ ಮುಂದೆಯೂ ನೆಲಮಾಳಿಗೆಗಳಲ್ಲಿಯೂ ನಿಂತಿದ್ದ ಕಾರುಗಳು ಕೆಸರುನೀರಿನಲ್ಲಿ ಮುಳುಗಿದುವು.

ನಾನು ಆ ಪುಟವನ್ನು ತೋರಿಸಿದೆನು. ಮೇಸ್ತ್ರಿಯವರು ತಲೆಯಾಡಿಸಿ ಹಿಂದಿನ ಆಸನದ ಬೆಲ್ಟನ್ನು ಹಿಡಿದು ಎಳೆದರು. ಸಾಮಾನ್ಯವಾಗಿ ನಾವು ಎಳೆಯುವುದು ಒಂದೆರಡು ಮೊಳ; ಅವರು ಸುರುಳಿ ಮುಗಿಯುವ ತನಕ ಎಳೆದರು. ಕೊನೆಯ ಒಂದು ಗೇಣು ಎಂದೂ ಹೊರಕ್ಕೆ ಬಾರದ ಭಾಗ. ಅಲ್ಲಿ ಅಡ್ಡಕ್ಕೆ ಒಂದು ಮಣ್ಣುಬಣ್ಣದ ಗೆರೆಯಿತ್ತು. ಹೊಂಡ ಬತ್ತಿದ ಮೇಲೆ ಮೆಟ್ಟಲಿನ ಮೇಲೆ ಉಳಿಯುವಂತಹ ಗೆರೆ. ಮೂಗಿಗೆ ಹಿಡಿದಾಗ ಬೂಷ್ಟಿನ ವಾಸನೆ. ಆಮೇಲೆ ಉಳಿದುವೆಲ್ಲ ತಾವಾಗಿಯೇ ಸಿಕ್ಕಿದುವು. ಆಸನದ ಕೆಳಗಿನ ಹಳಿಗಳಲ್ಲಿ ತುಕ್ಕು, ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿಯ ಗುಳಿಯಲ್ಲಿ ಬೆರಳಾಡಿಸಿದರೆ ನಯವಾದ ಹೂಳು, ಫ್ಯೂಸು ಪೆಟ್ಟಿಗೆಯ ತಾಮ್ರದ ಮೇಲೆ ಹಸಿರು. ಏಳು ವರ್ಷದ ಬಂಡಿಯಲ್ಲಿ ನೆಲದ ಚಾಪೆ ಮಾತ್ರ ಮದುವೆಮನೆಯ ಜಮಖಾನದಂತೆ ಹೊಸದು. ಅದನ್ನು ನಾವು ಮೊದಲ ದಿನವೇ ಕಂಡು ಮೆಚ್ಚಿಕೊಂಡಿದ್ದೆವು.

ಮುಳುಗಿದ ಬಂಡಿ ಪೇಟೆಗೆ ಮರಳಿ ಬರುವ ದಾರಿಯನ್ನು ಹೇಳುತ್ತೇನೆ. ದುರಸ್ತಿಯ ವೆಚ್ಚವು ವಿಮೆಯ ಮೌಲ್ಯದಲ್ಲಿ ನೂರಕ್ಕೆ 75ನ್ನು ಮೀರಿದರೆ ವಿಮೆಯವರು ಅದನ್ನು ಪೂರ್ಣನಷ್ಟವೆಂದು ಎಣಿಸಿ ಮಾಲೀಕನಿಗೆ ಹಣ ಕೊಡುತ್ತಾರೆ. ಬಂಡಿಯ ಅವಶೇಷ ಹರಾಜಿಗೆ ಹೋಗುತ್ತದೆ. ಹರಾಜಿನಲ್ಲಿ ಹಿಡಿದವನು ಬಿಡಿಭಾಗಗಳಿಗಾಗಿ ಒಡೆದರೆ ತೊಂದರೆಯಿಲ್ಲ. ಒಣಗಿಸಿ, ತೊಳೆದು, ಚಾಪೆ ಹಾಕಿ ಮಾರಿದರೆ ಅದು ಮತ್ತೊಬ್ಬ ಗೃಹಸ್ಥನ ಮನೆಯಂಗಳಕ್ಕೆ ಬರುತ್ತದೆ. ಆರ್.ಸಿ.ಯ ಮೇಲೆ ನೀರಿನ ಗುರುತು ಇರುವುದಿಲ್ಲ. ಈ ಕಾಲದ ಬಂಡಿಗಳಲ್ಲಿ ತಂತಿಗಳ ಕಂತೆಗಳೂ ಅನೇಕ ಯಂತ್ರಮೆದುಳುಗಳೂ ನೆಲದ ಮಟ್ಟದಲ್ಲಿ, ಆಸನಗಳ ಅಡಿಯಲ್ಲಿಯೇ ಇರುವುದರಿಂದ ತುಕ್ಕು ತಿಂಗಳುಗಟ್ಟಲೆ ನಿಧಾನವಾಗಿ ತಿನ್ನುತ್ತದೆ. ಇವತ್ತು ಕಿಟಕಿ ಇಳಿಯುವುದಿಲ್ಲ, ನಾಳೆ ದೀಪ ಹತ್ತುವುದಿಲ್ಲ. ಹಾಗೆಯೇ ಅಪಘಾತದ ಕ್ಷಣದಲ್ಲಿ ಗಾಳಿಚೀಲ ತೆರೆಯದಿರಲೂಬಹುದು. ಅದರಲ್ಲಿ ಕೂರುವವರು ಒಬ್ಬ ಮುದುಕಿ ಮತ್ತು ಎರಡು ಮಕ್ಕಳು.

ಅಂಗಳದವರು ವಾದಿಸಲಿಲ್ಲ. ಒಳಕ್ಕೆ ಹೋಗಿ ಬಂದು, “ಹದಿನಾರೂವರೆಗೆ ಕೊಡುತ್ತೇವೆ” ಎಂದರು. ನನ್ನ ವಿದ್ಯಾರ್ಥಿ ಉತ್ತರ ಕೊಡದೆ ಬಂಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದನು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಮೇಷ್ಟ್ರೇ, ಐದು ಲಕ್ಷ ಇಳಿಯಿತು. ಒಂದು ವರ್ಷ ಓಡಿಸಿ ಮಾರಿಬಿಟ್ಟರೆ ನಷ್ಟವೇನೂ ಆಗುವುದಿಲ್ಲ” ಎಂದನು. ಒಳ್ಳೆಯ ಹುಡುಗ, ಶಾಲೆಯಲ್ಲಿ ಎಂದೂ ನಕಲು ಮಾಡಿದವನಲ್ಲ. ಅವನ ಬಾಯಿಂದ ಈ ಮಾತು ಬಂದಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ಭಯವಾಯಿತು. “ಮಾರುವಾಗ ಕೊಳ್ಳುವವನಿಗೆ ಬೆಲ್ಟನ್ನು ಎಷ್ಟು ದೂರ ಎಳೆದು ತೋರಿಸುತ್ತೀಯಪ್ಪಾ?” ಎಂದು ಕೇಳಿದೆನು. ಅವನು ಸುಮ್ಮನಾದನು. ಹಿಂದಿರುಗುವ ದಾರಿಯಲ್ಲಿ ಹಲಸೂರಿನ ಕೆರೆಯ ತನಕ ಯಾರೂ ಮಾತಾಡಲಿಲ್ಲ. ಕೆರೆಯ ಬಳಿ ಅವನು, ತಾನು ಆಗಲೇ 50,000 ರೂಪಾಯಿ ಮುಂಗಡ ಕೊಟ್ಟಿದ್ದೇನೆಂಬುದನ್ನು ಹೇಳಿದನು.

ಆ ಹಣಕ್ಕಾಗಿ ಮೂರು ಸಲ ಹೋಗಬೇಕಾಯಿತು. ಮರಳಿ ಬಂದುದು 40,000. ರಸೀದಿಯಲ್ಲಿ “ಮುಂಗಡ ಸಂದಿದೆ” ಎಂದು ಮಾತ್ರ ಬರೆದಿತ್ತು. ಪರೀಕ್ಷೆಯಲ್ಲಿ ದೋಷ ಕಂಡರೆ ಪೂರ್ತಿ ಹಿಂತಿರುಗಿಸತಕ್ಕದ್ದು ಎಂಬ ಒಂದು ಸಾಲನ್ನು ಬರೆಯಿಸಿಕೊಂಡಿದ್ದರೆ ಅಷ್ಟು ಅಲೆದಾಟವಿರುತ್ತಿರಲಿಲ್ಲ.

ಅಂದು ಸಂಜೆ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿರುವಾಗ ತಾಯಿಯವರು ಎಲ್ಲವನ್ನೂ ಕೇಳಿದರು. “ಆರು ಲಕ್ಷ ಯಾವುದು?” ಎಂದರು. ತಮ್ಮ ಮಂಡಿಯ ಹಣವೂ ಲೆಕ್ಕದಲ್ಲಿ ಸೇರಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ಮಗನು ತಲೆ ತಗ್ಗಿಸಿದನು. ನಾನು ಹೇಳಬೇಕೆಂದಿದ್ದುದನ್ನು ಹೇಳುವ ಅಗತ್ಯವೇ ಬೀಳಲಿಲ್ಲ. ಆಗಸ್ಟಿನಲ್ಲಿ ಶಸ್ತ್ರಚಿಕಿತ್ಸೆ ಮುಗಿಯಿತು. ಕಾರಿನ ಹಣ 22 ಲಕ್ಷಕ್ಕೆ ನಿಂತಿತು. ಹೀಗೆ ತಡವಾದುದರಿಂದ ಬೇರೊಂದು ಅನುಕೂಲವೂ ಆಯಿತು. 2025ರ ಸೆಪ್ಟೆಂಬರ್ 22ರಿಂದ ಹೊಸ ದೊಡ್ಡ ಕಾರುಗಳ ಮೇಲಿನ ಜಿ.ಎಸ್.ಟಿ., ಸೆಸ್ಸು ಸೇರಿ ನೂರಕ್ಕೆ 50ರವರೆಗೆ ಇದ್ದುದು 40ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದೂ ಇಳಿಯಲೇಬೇಕು. ಈಗಲೂ ಹಳೆಯ ಹೊಸಬೆಲೆಯನ್ನು ತೋರಿಸಿ ತೂಗುವ ವ್ಯಾಪಾರಿಗಳಿದ್ದಾರೆ. ತೂಕದ ಕಲ್ಲು ಬದಲಾಗಿದೆಯೆಂಬುದು ಕೊಳ್ಳುವವನಿಗೆ ಗೊತ್ತಿರಬೇಕು.

ಕಾಗದಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ಮಾರುವವನು 29ನೆಯ ನಮೂನೆ, ಇಬ್ಬರೂ 30ನೆಯ ನಮೂನೆ, ಸಾಲವಿದ್ದರೆ ಅದು ತೀರಿದುದಕ್ಕೆ 35ನೆಯ ನಮೂನೆ. ಒಂದೇ ರಾಜ್ಯದೊಳಗಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ತಿಳಿಸಬೇಕು. ಕೆ.ಎ. 03 ಎಂದರೆ ಬೆಂಗಳೂರು ಪೂರ್ವ, ಕೆ.ಎ. 53 ಎಂದರೆ ಕೃಷ್ಣರಾಜಪುರ. ಇವು ಕಂಡರೆ ಸಮಾಧಾನ. ದೆಹಲಿಯ ಸಂಖ್ಯೆಯ ಅಗ್ಗದ ಡೀಸೆಲ್ ಬಂಡಿ ಕಂಡರೆ ಎರಡು ಸಲ ಯೋಚಿಸಬೇಕು. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿಯೂ 2018ರಲ್ಲಿ ಸುಪ್ರೀಂ ಕೋರ್ಟೂ ನಿರ್ಬಂಧ ಹಾಕಿದ ಮೇಲೆ ಅವು ದಕ್ಷಿಣಕ್ಕೆ ಬರುವುದು ಹೆಚ್ಚಾಯಿತು. ಹಾಗೆ ಬಂದ ಬಂಡಿಗೆ ಇಲ್ಲಿ ಆಜೀವ ತೆರಿಗೆಯನ್ನು ಮತ್ತೆ ಕಟ್ಟಬೇಕು. 20 ಲಕ್ಷಕ್ಕೆ ಮೇಲ್ಪಟ್ಟುದಕ್ಕೆ ಕರ್ಣಾಟಕದ ಮೂಲ ದರ ನೂರಕ್ಕೆ 18, ವಯಸ್ಸಿಗೆ ತಕ್ಕಷ್ಟು ಅದರಲ್ಲಿ ಕಳೆಯುತ್ತಾರೆ. ಅಗ್ಗವೆಲ್ಲ ಅಲ್ಲಿಯೇ ಕರಗಿಹೋಗುವುದುಂಟು. ಮಾರುವವರಿಗೂ ಒಂದು ಮಾತು. ಹೆಸರು ಬದಲಾಗದೆ ನಾಲ್ಕಾರು ಕೈ ದಾಟಿದ ಒಂದು ಕಾರು ಅಪಘಾತ ಮಾಡಿದ ಮೊಕದ್ದಮೆಯಲ್ಲಿ, ರಿಜಿಸ್ಟ್ರಿಯಲ್ಲಿ ಯಾರ ಹೆಸರಿದೆಯೋ ಅವನೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಕೀಲಿಕೈ ಕೊಟ್ಟ ಮಾತ್ರಕ್ಕೆ ಬಂಡಿ ಬಿಟ್ಟುಹೋಗುವುದಿಲ್ಲ.

ಮೂರನೆಯ ಬಂಡಿ ಫ್ರೇಜರ್ ಟೌನಿನ ಒಂದು ಹಳೆಯ ಮನೆಯಲ್ಲಿ ಸಿಕ್ಕಿತು. 2017ರದು, ಡೀಸೆಲ್, 83,000 ಕಿಲೋಮೀಟರು. ಬಾಗಿಲುಗಳಲ್ಲಿ ಗೀರು, ಹಿಂದಿನ ಆಸನದಲ್ಲಿ ನಾಯಿಯ ಕೂದಲು, ಮೇಲೆಲ್ಲ ಧೂಳು. ನನ್ನ ವಿದ್ಯಾರ್ಥಿಯ ಮನಸ್ಸು ಗೇಟಿನಲ್ಲಿಯೇ ಕುಗ್ಗಿತು. ನನಗಾದರೋ ಮಹಾಭಾರತದ ನಳೋಪಾಖ್ಯಾನ ನೆನಪಾಯಿತು. ಬಾಹುಕನ ವೇಷದಲ್ಲಿದ್ದ ನಳನು ಒಂದೇ ದಿನದಲ್ಲಿ ವಿದರ್ಭವನ್ನು ಸೇರಬೇಕಾಗಿ ಬಂದಾಗ ಋತುಪರ್ಣನ ಲಾಯದಿಂದ ಬಡಕಲು ಕುದುರೆಗಳನ್ನು ಆರಿಸಿ ತಂದನು. ಇವು ನಮ್ಮನ್ನು ಎಳೆಯಬಲ್ಲುವೇ ಎಂದು ರಾಜನು ಸಿಡಿಮಿಡಿಗೊಂಡನು. ಲಕ್ಷಣ ಬಲ್ಲವನು ಮೈಯ ಕೊಬ್ಬನ್ನು ನೋಡಲಿಲ್ಲ. ಈ ಮನೆಯ ಯಜಮಾನರು ಒಳಗಿನಿಂದ ದಪ್ಪನಾದ ಒಂದು ಕಡತವನ್ನು ತಂದಿಟ್ಟರು. ಎಂಟು ವರ್ಷಗಳ ಪ್ರತಿಯೊಂದು ಬಿಲ್ಲೂ ತಾರೀಖಿನ ಪ್ರಕಾರ ಪೋಣಿಸಿದ್ದಿತು. ಕಂಪೆನಿ ಬೇಕಿಲ್ಲವೆಂದರೂ 60,000 ಕಿಲೋಮೀಟರಿಗೆ ಗೇರಿನ ಎಣ್ಣೆಯನ್ನು ಬದಲಾಯಿಸಿದ್ದರು. “ಎಡಬಾಗಿಲಿಗೆ ಆಟೋ ತಗುಲಿತ್ತು, ಬಣ್ಣ ಹೊಡೆಸಿದ್ದೇನೆ” ಎಂದು ನಾವು ಕೇಳುವುದಕ್ಕೆ ಮುಂಚೆಯೇ ಹೇಳಿದರು. ಮೇಸ್ತ್ರಿಯವರ ಯಂತ್ರವೂ ಹಾಗೆಯೇ ಹೇಳಿತು. ಬೆಲ್ಟು ಕೊನೆಯ ತನಕ ಶುಭ್ರವಾಗಿತ್ತು.

ಡೀಸೆಲ್ ಬೇಡವೆಂದು ಮೊದಲು ಹೇಳುತ್ತಿದ್ದ ಮೇಸ್ತ್ರಿಯವರು ಇಲ್ಲಿ ಒಪ್ಪಿದುದಕ್ಕೆ ಕಾರಣವುಂಟು. ಈ ಬಂಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಒಂದು ಶೋಧಕವಿರುತ್ತದೆ. ಅದು ತುಂಬಿದಾಗ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು; ಅದಕ್ಕೆ ಬಂಡಿ ಸ್ವಲ್ಪ ಹೊತ್ತು ನಿಲ್ಲದೆ ಓಡುತ್ತಿರಬೇಕು. ಶಿವಾಜಿನಗರದಿಂದ ಹಲಸೂರಿಗೆ ತೆವಳುವ ಬಂಡಿಯಲ್ಲಿ ಅದು ಕಟ್ಟಿಕೊಂಡು, ಬದಲಾಯಿಸುವಾಗ ಲಕ್ಷಗಳ ಮಾತಾಗುತ್ತದೆ. ಕೋಲಾರದ ದಾರಿ ಉಳ್ಳವನಿಗೆ ಅಷ್ಟು ಭಯವಿಲ್ಲ. ಊರಿಗೆ ಹೋಗದೆ ಕಚೇರಿಗೆ ಮಾತ್ರ ಓಡಿಸುವವನಾಗಿದ್ದರೆ ಇದೇ ಬಂಡಿಯನ್ನು ಬೇಡವೆನ್ನುತ್ತಿದ್ದೆನೆಂದು ಅವರು ಹೇಳಿದರು. ಬೆಲೆ ಇಪ್ಪತ್ತೂವರೆ ಎಂದಿದ್ದುದು ಮಾತಾಡಿ 18,75,000ಕ್ಕೆ ನಿಂತಿತು. ಉಳಿದ ಮೂರು ಲಕ್ಷ ಚಿಲ್ಲರೆಯನ್ನು ಬೇರೆ ಖಾತೆಯಲ್ಲಿ ಇರಿಸಿ ಬಂಡಿಯ ಮೇವೆಂದು ಹೆಸರಿಡಹೇಳಿದೆನು. ನಾಲ್ಕು ಟೈರು, ಬ್ರೇಕು, ವಿಮೆ ಎಂದು ಮೊದಲ ನಾಲ್ಕು ತಿಂಗಳಲ್ಲಿಯೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾಗಿದೆಯಂತೆ.

ಹಣ ಕೊಡುವ ದಿನ ತಾಯಿಯವರನ್ನೂ ಕರೆದುಕೊಂಡು ಹೋಗಿದ್ದೆವು. ಬಾಗಿಲು ತೆರೆದು, “ಹತ್ತಮ್ಮಾ” ಎಂದನು ಮಗ. ಅವರು ಬಾಗಿಲ ಹಿಡಿಯನ್ನು ಹಿಡಿದು ಒಂದು ಕಾಲನ್ನು ಎತ್ತಿದರು. ಆಸನವು ಅವರ ಸೊಂಟಕ್ಕಿಂತ ಮೇಲಿತ್ತು. ಕಾಲು ಮೆಟ್ಟಲಿಗೆ ಎಟುಕಲಿಲ್ಲ. ಮೂರು ತಿಂಗಳು ಮೂವರು ಗಂಡಸರು ಸೇರಿ ಹೂಳನ್ನು ಮೂಸಿ, ಬಣ್ಣವನ್ನು ಅಳೆದು, ದಾಖಲೆಗಳನ್ನು ಓದಿದೆವು. ಯಾರಿಗಾಗಿ ಬಂಡಿಯೋ ಅವರನ್ನು ಒಂದು ಸಲವೂ ಹತ್ತಿಸಿ ನೋಡಿರಲಿಲ್ಲ. ಫ್ರೇಜರ್ ಟೌನಿನ ಯಜಮಾನರ ಪತ್ನಿಯವರು ಒಳಗಿನಿಂದ ಅಡಿಗೆಮನೆಯ ಮಣೆಯೊಂದನ್ನು ತಂದು ಕೆಳಗಿಟ್ಟರು. ಅದರ ಮೇಲೆ ನಿಂತು ಹಿಂದು ಮುಂದಾಗಿ ತಿರುಗಿ ಕುಳಿತುಕೊಂಡು, ಕಾಲುಗಳನ್ನು ಒಂದೊಂದಾಗಿ ಒಳಕ್ಕೆ ತೆಗೆದುಕೊಂಡರು. “ಕೂತ ಮೇಲೆ ಸುಖವಾಗಿದೆ” ಎಂದರು.

ಮಾರನೆಯ ವಾರ ಹಲಸೂರಿನ ಬಡಗಿಯೊಬ್ಬನಿಂದ ಒಂದು ಗೇಣೆತ್ತರದ ಅಗಲವಾದ ಮಣೆಯನ್ನು ಮಾಡಿಸಿ, ಜಾರದಂತೆ ಅಡಿಗೆ ರಬ್ಬರು ಹೊಡೆಸಿದರು. ಕೂಲಿ, ಮರ ಸೇರಿ 900 ರೂಪಾಯಿ. ಈಗ ಅದು ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲೆ ಇರುತ್ತದೆ. ಊರಿಗೆ ಹೊರಡುವಾಗ ಮೊಮ್ಮಗಳು ಮೊದಲು ಅದನ್ನು ತೆಗೆದು ಕೆಳಗಿಡುತ್ತಾಳೆ.